ಸುಳಿಯೋ ಸೆಳವೋ? ಕಡಲತಡಿಯ ಅಪಾಯನಿರ್ಣಯದಲ್ಲಿ ಒಂದು ಶಬ್ದವಿಚಾರ

ಕಡಲಿನಲ್ಲಿ ಸ್ನಾನಕ್ಕಿಳಿದವರು ಮುಳುಗಿ ಮೃತರಾದ ವಾರ್ತೆಯನ್ನು ಬರೆಯುವಾಗ ನಮ್ಮ ಪತ್ರಿಕೆಗಳು ‘ಸುಳಿಗೆ ಸಿಲುಕಿ’ ಎಂದು ಪ್ರಯೋಗಿಸುವುದುಂಟು. ಈ ಪ್ರಯೋಗವು ಸಾಧುವೇ ಎಂಬುದು ಪ್ರಕೃತ ವಿಚಾರ. ಇದು ಬರಿಯ ವೈಯಾಕರಣರ ಕಲಹವೆಂದು ವಾಚಕರು ಭಾವಿಸಬಾರದು. ಹೆಸರು ತಪ್ಪಿದಲ್ಲಿ ಪಾರಾಗುವ ಉಪಾಯವೂ ತಪ್ಪುವುದು.

ಸುಳಿಯೆಂದರೆ ಸಂಸ್ಕೃತದ ಆವರ್ತ. ಅಮರಸಿಂಹನು ವಾರಿವರ್ಗದಲ್ಲಿ ಅದನ್ನು ನೀರಿನ ಭ್ರಮಣವೆಂದೇ ನಿರೂಪಿಸಿರುವನು. ತಿರುಗಿಸಿ ಕೆಳಕ್ಕೆಳೆಯುವುದು ಅದರ ಧರ್ಮವೆಂದು ಲೋಕರೂಢಿ. ತೆರೆಯೊಡೆಯುವ ತೀರದ ಪ್ರವಾಹವಾದರೋ ಬೇರೆ ಬಗೆಯದು. ಮರಳದಿಣ್ಣೆಯ ಮೇಲೆ ಒಡೆದ ತೆರೆಗಳು ದಡದತ್ತ ಒಟ್ಟಿದ ನೀರು, ಎರಡು ದಿಣ್ಣೆಗಳ ನಡುವಣ ತಗ್ಗನ್ನು ಹಿಡಿದು ಇಕ್ಕಟ್ಟಾದ ಹರಿವಾಗಿ ಹೊರಗಡಲಿಗೆ ಮರಳುವುದು. ಇದರ ವೇಗವು ಸಾಮಾನ್ಯವಾಗಿ ಸೆಕೆಂಡಿಗೆ 1ರಿಂದ 2 ಅಡಿ. ಒಮ್ಮೊಮ್ಮೆ 8 ಅಡಿಯವರೆಗೂ ಏರುವುದುಂಟು. ಇದು ಮನುಷ್ಯನನ್ನು ಹೊರಕ್ಕೆ ಒಯ್ಯುವುದೇ ಹೊರತು ಕೆಳಕ್ಕೆ ಎಳೆಯದು. ಕೆಲವು ಹರಿವುಗಳು ದೊಡ್ಡ ಬಳಸಿನಲ್ಲಿ ತಿರುಗಿ ತೀರದತ್ತ ಬರುವುವಲ್ಲವೇ ಎಂದರೆ, ಬರುವುವು. ಆಗಲೂ ಮುಳುಗಿಸುವ ಗುಣವಿಲ್ಲ. ಸುಳಿಯ ಭಯದಿಂದ ದಡದತ್ತಲೇ ಎದುರೀಜುವವನು ಬಳಲಿ ಮುಳುಗುವನು. ತೇಲುತ್ತ ಕೈಯೆತ್ತಿ ಕರೆಯುವವನು, ಇಲ್ಲವೆ ದಡಕ್ಕೆ ಸಮಾನಾಂತರವಾಗಿ ಈಜಿ ಹರಿವಿನಿಂದ ಹೊರಬರುವವನು, ಬದುಕುವ ಸಂಭವ ಹೆಚ್ಚು.

ಆಂಗ್ಲರೂ ಈ ದೋಷದಿಂದ ಮುಕ್ತರಲ್ಲ. ಅವರಲ್ಲಿ ಇದಕ್ಕೆ ‘ಅಡಿಸೆಳೆತ’ವೆಂಬ ಅರ್ಥದ ಹೆಸರೂ, ಭರತವೆಂಬ ಅರ್ಥದ ಹೆಸರೂ ರೂಢಿಯಲ್ಲಿದ್ದುವು. ಅಮೆರಿಕದ ಭೂವಿಜ್ಞಾನಿ ಫ್ರಾನ್ಸಿಸ್ ಶೆಪರ್ಡನು 1936ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದು, ‘ರಿಪ್ ಕರೆಂಟ್’ ಎಂಬ ಹೆಸರನ್ನು ಮುಂದಿಟ್ಟನು. ನಮ್ಮಲ್ಲಿ ಯಾರಾದರೂ ‘ಅಂತಃಪ್ರವಾಹ’ವೆಂದು ಹೊಸತಾಗಿ ಟಂಕಿಸಿದರೆ ಅದೇ ದೋಷವು ಗಂಭೀರವೇಷದಲ್ಲಿ ಮರಳಿದಂತಾಗುವುದು. ಹೊಳೆಯ ದಡದ ಜನರು ಆಡುವ ‘ಸೆಳವು’ ಇರುವಾಗ ಟಂಕಸಾಲೆಗೆ ಹೋಗುವ ಆವಶ್ಯಕತೆಯೇನು?

ಇನ್ನು ಅನುಮಾನದ ವಿಷಯ. ಬಿಳಿನೊರೆಯಿರುವೆಡೆ ಅಪಾಯ, ತೆರೆಯೊಡೆಯದೆ ನೀರು ಕಪ್ಪಾಗಿ ಶಾಂತವಾಗಿರುವೆಡೆ ಕ್ಷೇಮ ಎಂಬುದು ನೋಡುವವನ ಸಹಜವಾದ ತರ್ಕ. ನೀರು ಆಳವಾದೆಡೆ ತೆರೆಯು ಒಡೆಯದು; ಆ ಆಳವೇ ಅನೇಕ ವೇಳೆ ಸೆಳವಿನ ದಾರಿ. ಆದುದರಿಂದ ಶಾಂತತೆಯೆಂಬ ಹೇತುವು ಸವ್ಯಭಿಚಾರ.

ವಿದ್ವಾಂಸರ ಅನುಮಾನಗಳಿಗೂ ಪರೀಕ್ಷೆ ಬೇಕು. ಜೇಮ್ಸ್ ಲುಶೈನನು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫ್ಲಾರಿಡಾದ ಮರಣಗಳನ್ನು ಗಾಳಿ, ತೆರೆ, ಇಳಿತಗಳೊಡನೆ ಜೋಡಿಸಿದನು, ಶ್ಲಾಘ್ಯವಾದ ಕಾರ್ಯ. ಆದರೆ ಮರಣಸಂಖ್ಯೆಯೊಂದರಿಂದಲೇ ನೀರಿನ ಬಲವನ್ನು ಊಹಿಸಹೊರಟಲ್ಲಿ ಜನಸಂದಣಿಯೆಂಬ ಉಪಾಧಿಯು ಅಡಗಿರುವುದು, ಧೂಮಾನುಮಾನದಲ್ಲಿ ಹಸಿಸೌದೆಯಂತೆ. ಬಿರುಗಾಳಿಯ ದಿನ ನೀರಿಗಿಳಿಯುವವರು ಕಡಮೆ. ಬಿಸಿಲಿನ ರಜಾದಿನ ಅಲ್ಪವಾದ ಸೆಳವಿಗೂ ಬಲಿ ದೊರೆಯುವುದು. ಆಂಡ್ರ್ಯೂ ಶಾರ್ಟನು ಆಸ್ಟ್ರೇಲಿಯದ ತೀರಗಳಿಗೆ ಕೊಟ್ಟ 1ರಿಂದ 10ರವರೆಗಿನ ಅಂಕಗಳೂ, 2021ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ, ಆರು ದಿನಗಳ ಮುಂಚಿತವಾಗಿ ಸಂಭವವನ್ನು ತಿಳಿಸುವ ಗಣಿತವೂ ಮುಖ್ಯವಾಗಿ ನೀರಿನ ವಿಷಯವನ್ನು ಹೇಳುವುವು. ಮುಳುಗುವವನ ವಿಷಯಕ್ಕೆ ಬೇರೆ ಪ್ರಮಾಣ ಬೇಕು. ಸಿಡ್ನಿಯ ಬೊಂಡೈ ತೀರದಲ್ಲಿ 1938ನೆಯ ಫೆಬ್ರುವರಿ 6, ಭಾನುವಾರ, ನೂರಾರು ಜನರು ಒಮ್ಮೆಗೇ ಹೊರಕ್ಕೆ ಸೆಳೆಯಲ್ಪಟ್ಟರು, ಮಡಿದವರು ಐವರು. ಜೀವರಕ್ಷಕರ ದೊಡ್ಡ ಪಡೆಯೊಂದು ಆಗ ತೀರದಲ್ಲಿಯೇ ಇದ್ದಿತು. ಅವರಿಲ್ಲದ ಭಾನುವಾರ ಅದೇ ನೀರು ಎಷ್ಟು ಮಂದಿಯನ್ನು ನುಂಗುತ್ತಿದ್ದಿತೆಂಬುದನ್ನು ತೆರೆಯ ಎತ್ತರದಿಂದ ಗುಣಿಸಿ ತಿಳಿಯಲಾಗದು.