ಸರ್ವೆ ನಂಬರ್ ಓದುವವರು ಯಾರು?

ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ಪೇಪರನ್ನು ಪೂರ್ತಿ ಓದುವವರು ಅಪ್ಪ ಒಬ್ಬರೇ. ಪೂರ್ತಿ ಅಂದ್ರೆ ಪೂರ್ತಿ. ಶ್ರದ್ಧಾಂಜಲಿ, ಟೆಂಡರ್, ಹೆಸರು ಬದಲಾವಣೆಯ ಅಫಿಡವಿಟ್, ಯಾವುದನ್ನೂ ಬಿಡಲ್ಲ. ಒಂದು ಶನಿವಾರ ನಾನು ಬೆಂಗಳೂರಿಂದ ಬಂದಿಳಿದು, ಕಾಫಿ ಪಕ್ಕಕ್ಕಿಟ್ಟು ಫೋನ್ ಉಜ್ಜುತ್ತಾ ಕೂತಿದ್ದೆ. ಅಪ್ಪ ಪೇಪರಿನ ಒಂದು ಮೂಲೆ ಮಡಚಿ ಮುಂದಿಟ್ಟು, "ಇದೇನು ಅಂತ ಸ್ವಲ್ಪ ಹೇಳಪಾ, ನೀನು ಓದಿದೋನು" ಅಂದರು.

ಎಂಟೇ ಸಾಲಿನ ಒಂದು ಪ್ರಕಟಣೆ. ಇಂಥ ಹೋಬಳಿ, ಇಂಥ ಗ್ರಾಮ, ಇಂತಿಂಥ ಸರ್ವೆ ನಂಬರು, ಇಷ್ಟು ಎಕರೆ ಇಷ್ಟು ಗುಂಟೆ, ಕೃಷಿ ವಲಯದಿಂದ ಕೈಗಾರಿಕಾ ವಲಯಕ್ಕೆ ಭೂ ಉಪಯೋಗ ಬದಲಾವಣೆ. ಆಕ್ಷೇಪಣೆ ಇದ್ದಲ್ಲಿ 15 ದಿನದೊಳಗೆ ಲಿಖಿತವಾಗಿ ಸಲ್ಲಿಸುವುದು. ಊರು ನಮ್ಮ ಸೋದರತ್ತೆಯದ್ದು. ಬೇರೆ ಜಿಲ್ಲೆ, ಹೆಸರು ಇಲ್ಲಿ ಬೇಡ. ಅತ್ತೆಯ ಹೊಲದ ನಂಬರ್ ಪಟ್ಟಿಯಲ್ಲಿರಲಿಲ್ಲ. ಬದುವಿನಾಚೆಯ ಹೊಲದ್ದು ಇತ್ತು. ಫೋನ್ ಮಾಡಿ ಕೇಳಿದರೆ ಅತ್ತೆಗೆ ವಿಷಯವೇ ಗೊತ್ತಿಲ್ಲ. ಅವರ ಮನೆಗೆ ಆ ಪೇಪರ್ ಬರಲ್ಲ.

ನಾವು ಪುಸ್ತಕಕ್ಕೆ ವಿಮರ್ಶೆ ಬರೀತೀವಿ, ಸಿನಿಮಾಕ್ಕೆ ಬರೀತೀವಿ, ಹೊಸದಾಗಿ ಶುರುವಾದ ಬೆಣ್ಣೆ ದೋಸೆ ಹೋಟೆಲಿಗೂ ಸ್ಟಾರ್ ಹಾಕ್ತೀವಿ. ಒಂದು ಊರಿನ ಮುಂದಿನ ಐವತ್ತು ವರ್ಷವನ್ನು ತೀರ್ಮಾನಿಸುವ ಈ ಎಂಟು ಸಾಲಿಗೆ ಮಾತ್ರ ವಿಮರ್ಶಕರಿಲ್ಲ. ಹಾಗಾಗಿ ನಾನೇ ಕೂತು ಮೂರು ಸಲ ಓದಿದೆ.

ಮೊದಲನೇ ಓದಿಗೆ ಕಾಣೋದು ಅದರಲ್ಲಿ ಏನೇನಿಲ್ಲ ಅನ್ನೋದು. ಯಾವ ಕಾರ್ಖಾನೆ? ಬಟ್ಟೆ ಹೊಲಿಯುವುದೋ, ರಾಸಾಯನಿಕ ಕಾಯಿಸುವುದೋ? ನೀರು ಬೋರ್‌ವೆಲ್‌ದೋ, ಕಾಲುವೆಯದೋ? ಬಳಸಿದ ನೀರು ಯಾವ ಹಳ್ಳಕ್ಕೆ ಹೋಗುತ್ತೆ? ದಿನಕ್ಕೆ ಎಷ್ಟು ಲಾರಿ? ಒಂದಕ್ಕೂ ಉತ್ತರವಿಲ್ಲ. ಇರೋದು ನಂಬರುಗಳು ಮಾತ್ರ. ಆದರೆ ಹಳ್ಳಿಯವರು ಹೊಲವನ್ನು ನಂಬರಿನಿಂದ ಗುರುತಿಸಲ್ಲ. ಹುಣಸೇಮರದ ಹೊಲ, ಕೆರೆ ಕೆಳಗಿನದು, ದೊಡ್ಡಪ್ಪನ ಪಾಲಿನದು ಅಂತ ಹೇಳ್ತಾರೆ. ಪ್ರಕಟಣೆ ಮಾತಾಡೋದು ತಹಶೀಲ್ದಾರ್ ಕಚೇರಿಯ ಭಾಷೆ. ಆಕ್ಷೇಪಣೆ ಕೇಳೋದು ಆ ಭಾಷೆ ಬಾರದವರನ್ನ.

ಕಾನೂನು ಇಷ್ಟು ಜಿಪುಣವಾಗಿಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961. ಅದರ 14ಎ ಕಲಂ ಪ್ರಕಾರ, ಮಾಸ್ಟರ್ ಪ್ಲ್ಯಾನಿನಲ್ಲಿ ಗುರುತಿಸಿದ ಉಪಯೋಗವನ್ನು ಬದಲಿಸಬೇಕಾದರೆ ಬದಲಾವಣೆ ಸಾರ್ವಜನಿಕ ಹಿತದಲ್ಲಿರಬೇಕು, ಆ ಪ್ರದೇಶದಲ್ಲಿ ಓಡುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಬೇಕು. ಗಮನಿಸಿ, ಆಕ್ಷೇಪಿಸುವ ಹಕ್ಕು ಜಮೀನಿನ ಮಾಲೀಕನಿಗೆ ಮಾತ್ರ ಅಂತ ಇಲ್ಲ. ಸಾರ್ವಜನಿಕರು ಅಂದರೆ ಬದುವಿನ ಈಚೆಯ ಅತ್ತೆಯೂ ಹೌದು, ಪೇಪರ್ ಓದಿದ ನಮ್ಮಪ್ಪನೂ ಹೌದು. ಆದರೆ ಸಾರ್ವಜನಿಕ ಹಿತ ಏನು ಅನ್ನೋದನ್ನ ನಾನು ನೋಡಿದ ಪ್ರಕಟಣೆ ಒಂದು ಸಾಲಿನಲ್ಲೂ ವಿವರಿಸಿರಲಿಲ್ಲ. ಪ್ರಕಟಿಸಿದ್ದಾಯಿತು, ಯಾರೂ ಬರಲಿಲ್ಲ, ಅಂದಮೇಲೆ ಎಲ್ಲರಿಗೂ ಒಪ್ಪಿಗೆ. ಆ್ಯಪ್ ಹಾಕಿಕೊಳ್ಳುವಾಗ ಓದದೇ "ಒಪ್ಪಿದೆ" ಒತ್ತುತ್ತೀವಲ್ಲ, ಅದೇ ಲೆಕ್ಕ. ಇಲ್ಲಿ ಒತ್ತದೇ ಇದ್ದರೂ ಒತ್ತಿದ ಹಾಗೇ.

"ಈಗ್ಯಾಕೆ ತಲೆ ಕೆಡಿಸ್ಕೋತೀಯ, ಫ್ಯಾಕ್ಟರಿ ಬರೋ ಹೊತ್ತಿಗೆ ಪರಿಸರದ ಸಭೆ ಇರುತ್ತಲ್ಲ" ಅಂದ ಗೆಳೆಯನೊಬ್ಬ. ಇರಬಹುದು, ಇಲ್ಲದೆಯೂ ಇರಬಹುದು. ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಎಲ್ಲ ಕಾರ್ಖಾನೆಗಳಿಗೂ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಲ್ಲ. ಪರಿಸರ ಅನುಮತಿ ಪಡೆದ ಕೈಗಾರಿಕಾ ಪ್ರದೇಶದ ಒಳಗೆ ಬರುವ ಘಟಕಗಳಿಗೆ ಅದರಿಂದ ವಿನಾಯಿತಿಯೂ ಇದೆ. ನಕ್ಷೆಯ ಹಸಿರು ಒಮ್ಮೆ ನೇರಳೆ ಆಯಿತು ಅಂದರೆ, ಮುಂದಿನ ಪ್ರತಿ ಅರ್ಜಿಯೂ "ಇದು ಹೇಗೂ ಕೈಗಾರಿಕಾ ವಲಯ ತಾನೆ" ಅಂತಲೇ ಶುರುವಾಗುತ್ತೆ. ಬಣ್ಣ ಬದಲಾಗುವ ಹೊತ್ತಿನಲ್ಲಿ ಬಾಯಿ ಬಿಡದಿದ್ದರೆ ಆಮೇಲೆ ಜಗಳ ಚಿಮಣಿ ಎತ್ತರದ ಬಗ್ಗೆ ಮಾತ್ರ.

ದಾಖಲೆಯ ಪದಗಳು ಏನು ಮಾಡಬಲ್ಲವು ಅನ್ನೋದಕ್ಕೆ ನಮ್ಮ ಕಡೆಯವರು ದೂರ ಹೋಗಬೇಕಾಗಿಲ್ಲ. ಹರಿಹರದ ಸೇತುವೆ ದಾಟಿದರೆ ಕುಮಾರಪಟ್ಟಣ, ಅಲ್ಲಿ ಹರಿಹರ ಪಾಲಿಫೈಬರ್ಸ್. ಅದಕ್ಕೆ ಮರದ ತಿರುಳು ಬೇಕು. 1984ರಲ್ಲಿ ಸರ್ಕಾರ ಮತ್ತು ಆ ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಅನ್ನೋ ಜಂಟಿ ಕಂಪನಿ ಕಟ್ಟಿದರು. ನೀಲಗಿರಿ ಬೆಳೆಸಲು ಅದಕ್ಕೆ ಸುಮಾರು 30,000 ಹೆಕ್ಟೇರ್ ಕೊಡುವ ಯೋಜನೆ. ಯಾವ ಭೂಮಿ? ಕಡತದಲ್ಲಿ ಅದರ ಹೆಸರು "ಸಿ ಮತ್ತು ಡಿ ದರ್ಜೆ". ಪರೀಕ್ಷೆಯಲ್ಲಿ ಫೇಲಾದ ಹುಡುಗರ ಹೆಸರಿನ ಹಾಗೆ ಕೇಳಿಸುತ್ತೆ. ಊರಿನವರ ಲೆಕ್ಕದಲ್ಲಿ ಅದೇ ಭೂಮಿ ದನ ಮೇಯುವ ಜಾಗ, ಸೌದೆ ತರುವ ಜಾಗ. ಸಮಾಜ ಪರಿವರ್ತನ ಸಮುದಾಯ ಈ ವಿಷಯವನ್ನು ಸುಪ್ರೀಂ ಕೋರ್ಟಿಗೆ ಒಯ್ದಾಗ ಶಿವರಾಮ ಕಾರಂತರೂ ಅರ್ಜಿದಾರರಾಗಿ ನಿಂತರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಅದರ ಹೆಸರೇ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ. 1991ರಲ್ಲಿ ಆ ಜಂಟಿ ಕಂಪನಿ ಮುಚ್ಚಿತು. ನನ್ನ ಓರಗೆಯ ದಾವಣಗೆರೆ ಹುಡುಗರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು ಕೇಳಿ ನೋಡಿ. ನಂಗೇ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ.

ಇನ್ನು ದೇವನಹಳ್ಳಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ, ಏರೋಸ್ಪೇಸ್ ಪಾರ್ಕಿಗೆ ಅಂತ ಕೆಐಎಡಿಬಿ ನೋಟಿಸು. ಅದರ 1966ರ ಕಾಯ್ದೆಯಲ್ಲಿ ಮಾಲೀಕರಿಗೆ ಉತ್ತರ ಕೊಡಲು ಸಿಗೋದು 30 ದಿನ. ಏಪ್ರಿಲ್ 2022ರಲ್ಲಿ ಧರಣಿ ಕೂತವರು ಸರ್ಕಾರಕ್ಕೆ ತಮ್ಮ ಆಕ್ಷೇಪಣೆ ಅರ್ಥ ಮಾಡಿಸಲು ತಗೊಂಡಿದ್ದು 1,198 ದಿನ. 2025ರ ಜುಲೈ 15ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದೇವೆ ಅಂದರು. ಇಷ್ಟಪಟ್ಟು ಕೊಡುವವರಿಂದ ಮಾತ್ರ ತಗೋತೀವಿ ಅಂತಲೂ ಸೇರಿಸಿದರು. ಆ ಕೂಡಲೇ ಆಂಧ್ರದ ಸಚಿವ ನಾರಾ ಲೋಕೇಶ್, ನಮ್ಮಲ್ಲಿ ಬೆಂಗಳೂರಿನ ಪಕ್ಕದಲ್ಲೇ 8,000 ಎಕರೆ ಸಿದ್ಧವಿದೆ ಬನ್ನಿ ಅಂತ ಕಂಪನಿಗಳನ್ನು ಕರೆದರು.

ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಅವತ್ತು ನಡೆದ ಚರ್ಚೆ ಪೂರ್ತಿ ಲೋಕೇಶ್ ಮೇಲೆ. "ನೋಡು ಅವರ ಸ್ಪೀಡು." "ನಮ್ಮವರು ಹೀಗೇ ಎಲ್ಲ ಕಳ್ಕೋತಾರೆ." ಆ ಹಳ್ಳಿಗಳ ದ್ರಾಕ್ಷಿ, ತರಕಾರಿ, ಹಾಲು ಬೆಂಗಳೂರಿಗೇ ಬರುತ್ತೆ ಅನ್ನೋದು ಯಾರಿಗೂ ನೆನಪಾಗಲಿಲ್ಲ. ನಾನೂ ಸುಮ್ಮನಿದ್ದೆ, ಅದನ್ನೂ ಹೇಳಿಬಿಡ್ತೀನಿ. ಉದ್ಯೋಗ ಬೇಡ, ಕಾರ್ಖಾನೆ ಬೇಡ ಅಂತ ನಾನಂತೂ ಹೇಳಲಾರೆ. ಜವಳಿ ಗಿರಣಿಗಳು ಕಟ್ಟಿದ ಊರು ನಮ್ಮದು, ಅವು ನಿಂತ ಮೇಲೆ ಊರು ಹೇಗೆ ಬಡವಾಯಿತು ಅಂತ ಹಿರಿಯರು ಇವತ್ತಿಗೂ ಹೇಳ್ತಾರೆ. ನನ್ನ ತಕರಾರು "ಸಿದ್ಧ ಭೂಮಿ" ಅನ್ನುವ ಮಾತಿನ ಮೇಲೆ. ಭೂಮಿ ತನ್ನಷ್ಟಕ್ಕೆ ಸಿದ್ಧವಾಗಿ ಕೂತಿರಲ್ಲ. ಯಾರೋ ಎಂಟು ಸಾಲು ಬರೆದು, ಯಾರೂ ಓದದೇ, ಅದು ಸಿದ್ಧವಾಗುತ್ತೆ.

ಬಡಾವಣೆಯವರ ಆಕ್ಷೇಪಣೆಯಲ್ಲೂ ಒಂದು ಕಪಟ ಇದೆ. ಫ್ಯಾಕ್ಟರಿ ಬಂದರೆ ಸೈಟಿನ ರೇಟು ಬೀಳುತ್ತೆ ಅಂತ ಎದ್ದು ನಿಲ್ಲುವವರು, ಲೇಔಟ್ ಬಂದಾಗ ಚಪ್ಪಾಳೆ ತಟ್ಟಿರ್ತಾರೆ. ದಾವಣಗೆರೆ ಸುತ್ತ ಭದ್ರಾ ಕಾಲುವೆಯ ಗದ್ದೆಗಳು ಸೈಟುಗಳಾದಾಗ ನಾವು ಯಾರೂ ಅರ್ಜಿ ಬರೆಯಲಿಲ್ಲ, ಡಿ.ಸಿ. ಕನ್ವರ್ಷನ್ ಆಗಿದೆಯಾ ಅಂತ ಮಾತ್ರ ಕೇಳಿದ್ವಿ. ನಾನು ಕೂತು ಇದನ್ನು ಬರೀತಿರೋ ಮನೆಯ ಹಿಂದೆ ಒಂದು ಕಾಲಕ್ಕೆ ಹೊಲ ಇತ್ತು ಅಂತ ಅಪ್ಪನೇ ಹೇಳ್ತಾರೆ. ಅದರ ಸರ್ವೆ ನಂಬರ್ ನಂಗೆ ಗೊತ್ತಿಲ್ಲ.

ಆ ಶನಿವಾರ ಮಧ್ಯಾಹ್ನ ಅಪ್ಪ ಬಿಳಿ ಹಾಳೆಯಲ್ಲಿ ಅತ್ತೆಯ ಪರವಾಗಿ ಆಕ್ಷೇಪಣೆ ಬರೆದರು. ನಾನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡ್ತೀನಿ ಅಂದರೂ ಕೇಳಲಿಲ್ಲ. ಮೂರೇ ಪ್ರಶ್ನೆ: ಯಾವ ಕಾರ್ಖಾನೆ, ನೀರು ಎಲ್ಲಿಂದ, ಕೊಳಕು ನೀರು ಎಲ್ಲಿಗೆ. ಸೋಮವಾರ ಅತ್ತೆಯ ಮಗ ಅದನ್ನು ಕಚೇರಿಗೆ ಒಯ್ದ. ಒಳಗಿದ್ದವರು ತಗೊಂಡು, "ನಿಮ್ಮ ಜಮೀನು ಇದರಲ್ಲಿಲ್ಲವಲ್ಲ, ನಿಮಗ್ಯಾಕೆ?" ಅಂತ ಕೇಳಿದರಂತೆ. ಅವನು ಪೇಪರಿನ ಆ ತುಂಡು ತೋರಿಸಿ, ಇದರಲ್ಲಿ ಸಾರ್ವಜನಿಕರು ಅಂತ ಇದೆ ಸಾರ್, ಅಂದ. ಸ್ವಲ್ಪ ಹೊತ್ತು ಕಾಯಿಸಿ ಸ್ವೀಕೃತಿಯ ಸೀಲು ಹಾಕಿಕೊಟ್ಟರು. ಸೀಲಿನ ಕೆಳಗೆ ಆವಕ ಸಂಖ್ಯೆ ಇತ್ತು. ಅದರ ಫೋಟೋ ಈಗ ನನ್ನ ಫೋನಿನಲ್ಲಿದೆ. ಉತ್ತರ ಇನ್ನೂ ಬಂದಿಲ್ಲ.