ಬ್ರಿಸ್ಟಲ್‌ನ ಎರಡು ಭಾಷಣಗಳು

ಜನಪ್ರತಿನಿಧಿಯಾದವನು ತನ್ನನ್ನು ಆರಿಸಿದ ಜನ ಹೇಳಿದಂತೆ ನಡೆಯಬೇಕೇ, ತನಗೆ ಸರಿಕಂಡಂತೆ ನಡೆಯಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ಬ್ರಿಟಿಷ್ ರಾಜಕಾರಣಿ ಎಡ್ಮಂಡ್ ಬರ್ಕ್ 1774ರ ನವೆಂಬರ್ 3ರಂದು ಬ್ರಿಸ್ಟಲ್‌ನಲ್ಲಿ ಮಾಡಿದ ಭಾಷಣ ನೆನಪಾಗುತ್ತದೆ. ಮತದಾನ ಮುಗಿದು ಗೆಲುವು ಕೈಗೆ ಬಂದ ಹೊತ್ತಿನಲ್ಲೇ ಬರ್ಕ್ ತನ್ನ ಮತದಾರರಿಗೆ ಅಪ್ರಿಯವಾದ ಮಾತೊಂದನ್ನು ಹೇಳಿದ. ನಿಮ್ಮ ಅಭಿಪ್ರಾಯಕ್ಕೆ ತುಂಬ ಬೆಲೆ ಕೊಡುತ್ತೇನೆ, ನಿಮ್ಮ ಹಿತಕ್ಕಾಗಿ ನನ್ನ ಸುಖವನ್ನು ಬದಿಗಿಡುತ್ತೇನೆ, ಆದರೆ ನನ್ನ ವಿವೇಚನೆಯನ್ನು ನಿಮ್ಮ ಆದೇಶಕ್ಕೆ ಒತ್ತೆಯಿಡಲಾರೆ ಎಂಬುದು ಅದರ ಸಾರ. ರಾಜ್ಯಶಾಸ್ತ್ರದ ತರಗತಿಗಳಲ್ಲಿ ಈ ಭಾಷಣ ಒಂದು ಸಿದ್ಧಾಂತವಾಗಿ ನೆಲೆಯೂರಿದೆ. ಜನರ ಒತ್ತಡಕ್ಕೆ ಮಣಿಯದ ನಾಯಕರು ಅದನ್ನು ಗುರಾಣಿಯಾಗಿ ಹಿಡಿದಿದ್ದಾರೆ. ಆದರೆ ಅದನ್ನು ಒಂಟಿಯಾಗಿ ಓದುವುದು ತಪ್ಪು. ಆರು ವರ್ಷಗಳ ಬಳಿಕ, 1780ರ ಸೆಪ್ಟೆಂಬರಿನಲ್ಲಿ, ಅದೇ ನಗರದ ಗಿಲ್ಡ್‌ಹಾಲ್‌ನಲ್ಲಿ ಸೋಲಿನ ಅಂಚಿನಲ್ಲಿ ನಿಂತು ಬರ್ಕ್ ಮಾಡಿದ ಇನ್ನೊಂದು ಭಾಷಣವಿದೆ. ಮೊದಲನೆಯದು ಪ್ರತಿನಿಧಿಯ ಹಕ್ಕನ್ನು ಹೇಳುತ್ತದೆ. ಎರಡನೆಯದು ಆ ಹಕ್ಕಿನ ಋಣವನ್ನು ತೀರಿಸುತ್ತದೆ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಎತ್ತಿಹಿಡಿದರೆ ಅದು ಅಹಂಕಾರಕ್ಕೆ ಕೊಟ್ಟ ಪರವಾನಗಿಯಾಗುತ್ತದೆ ಎಂಬುದು ನನ್ನ ವಾದ.

ಬ್ರಿಸ್ಟಲ್ ಆಗ ಇಂಗ್ಲೆಂಡಿನ ದೊಡ್ಡ ಬಂದರುಗಳಲ್ಲೊಂದು. ಸುಮಾರು 5,000 ಮತದಾರರಿದ್ದ ಆ ಕ್ಷೇತ್ರ ಅಂದಿನ ಲೆಕ್ಕದಲ್ಲಿ ಬಲು ದೊಡ್ಡದು. ಅದಕ್ಕಿದ್ದ ಎರಡು ಸ್ಥಾನಗಳಲ್ಲಿ ಇನ್ನೊಂದನ್ನು ಗೆದ್ದವನು ಹೆನ್ರಿ ಕ್ರೂಗರ್, ನ್ಯೂಯಾರ್ಕ್ ಮೂಲದ ವರ್ತಕ. ಮತದಾರರ ಸೂಚನೆಯಂತೆ ನಡೆಯುವುದೇ ಪ್ರತಿನಿಧಿಯ ಕರ್ತವ್ಯ ಎಂಬ ನಿಲುವು ಕ್ರೂಗರ್‌ನದು. ಬರ್ಕ್ ಮಾತಾಡಿದ್ದು ಅದಕ್ಕೆ ಉತ್ತರವಾಗಿ. ಆತನ ತರ್ಕದ ಬಲ ಇರುವುದು ಪ್ರತಿನಿಧಿ ಜನರಿಗಿಂತ ಜಾಣ ಎಂಬ ಹಮ್ಮಿನಲ್ಲಲ್ಲ, ತೀರ್ಮಾನ ಹುಟ್ಟುವ ಬಗೆಯಲ್ಲಿ. ಸಂಸತ್ತು ಬೇರೆ ಬೇರೆ ಊರುಗಳ ರಾಯಭಾರಿಗಳು ತಂತಮ್ಮ ಪಾಲಿಗಾಗಿ ಜಗ್ಗಾಡುವ ಜಾಗವಲ್ಲ, ಇಡೀ ದೇಶದ ಹಿತವನ್ನು ಕುರಿತು ಕೂಡಿ ಯೋಚಿಸುವ ಸಭೆ. ವಾದ ಕೇಳುವವರು ಒಂದೆಡೆ, ತೀರ್ಮಾನ ಮಾಡುವವರು ನೂರಾರು ಮೈಲಿ ದೂರದಲ್ಲಿ ಎಂದಾದರೆ ಚರ್ಚೆಗೆ ಏನರ್ಥ ಎಂದು ಆತ ಕೇಳಿದ. ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಸದನಕ್ಕೆ ಬರುವ ಮೊದಲೇ ಪ್ರತಿಯೊಬ್ಬ ಸದಸ್ಯನ ಮತ ನಿಗದಿಯಾಗಿದ್ದರೆ ಅಲ್ಲಿ ಮಂಡಿಸುವ ಸಾಕ್ಷ್ಯ, ಅಂಕಿಅಂಶ, ಎದುರುವಾದ ಎಲ್ಲವೂ ವ್ಯರ್ಥ. ಕೇಳಿ ಮನಸ್ಸು ಬದಲಿಸಿಕೊಳ್ಳುವ ಅವಕಾಶವೇ ಇಲ್ಲದ ಸಭೆಯನ್ನು ಶಾಸನಸಭೆ ಎನ್ನಲಾಗದು.

ಆದರೂ 1774ರ ಭಾಷಣದಲ್ಲಿ ದೊಡ್ಡ ಕೊರತೆಯಿದೆ. ಪ್ರತಿನಿಧಿ ಜನರಿಗೆ ತನ್ನ ವಿವೇಚನೆಯ ಸೇವೆ ಸಲ್ಲಿಸಬೇಕು ಎನ್ನುತ್ತದೆ. ಆ ವಿವೇಚನೆ ಹೇಗೆ ಕೆಲಸ ಮಾಡಿತು ಎಂದು ಕೇಳಿ ತಿಳಿಯುವ ಜನರ ಹಕ್ಕಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರ ಸಿದ್ಧಾಂತದಿಂದ ಬರಲಿಲ್ಲ, ಮುಂದಿನ ಆರು ವರ್ಷಗಳ ಘರ್ಷಣೆಯಿಂದ ಬಂತು. 1778ರಲ್ಲಿ ಐರ್ಲೆಂಡಿನ ವ್ಯಾಪಾರದ ಮೇಲಿದ್ದ ನಿರ್ಬಂಧಗಳನ್ನು ಸಡಿಲಿಸುವ ಮಸೂದೆಗಳನ್ನು ಬರ್ಕ್ ಬೆಂಬಲಿಸಿದ. ಪೈಪೋಟಿಗೆ ಹೆದರಿದ ಬ್ರಿಸ್ಟಲ್ ವರ್ತಕರು ಸಿಟ್ಟಾದರು. ಆತ ಮತ ಬದಲಿಸಲಿಲ್ಲ, ಸುಮ್ಮನೆಯೂ ಕೂರಲಿಲ್ಲ. ನಗರದ ಪ್ರಮುಖರಿಗೆ ಎರಡು ಪತ್ರ ಬರೆದು ಐರ್ಲೆಂಡಿನ ಏಳಿಗೆ ಬ್ರಿಟನ್ನಿನ ನಷ್ಟವಲ್ಲ ಎಂದು ಕಾರಣ ಕೊಟ್ಟು ವಾದಿಸಿದ. ಅದೇ ವರ್ಷ ಕ್ಯಾಥೊಲಿಕರ ಮೇಲಿನ ಕೆಲವು ಕಠೋರ ಕಾನೂನುಗಳ ರದ್ದತಿಯನ್ನು ಬೆಂಬಲಿಸಿದ. ಕ್ಯಾಥೊಲಿಕರ ಮೇಲಿನ ಜನದ್ವೇಷ ಎಷ್ಟು ಆಳವಾಗಿತ್ತೆಂದರೆ 1780ರ ಜೂನಿನಲ್ಲಿ ಲಂಡನ್ನಿನಲ್ಲಿ ಗಾರ್ಡನ್ ದಂಗೆಗಳು ಭುಗಿಲೆದ್ದು, ಸೆರೆಮನೆಗಳು ಹೊತ್ತಿ ಉರಿದು, ನೂರಾರು ಮಂದಿ ಸತ್ತರು. ಆ ದಿನಗಳಲ್ಲಿ ಬೀದಿಯ ಕೂಗನ್ನೇ ಜನಾಭಿಪ್ರಾಯವೆಂದು ಹಿಡಿದು ನಡೆದಿದ್ದರೆ ಸಂಸತ್ತು ಅಲ್ಪಸಂಖ್ಯಾತರಿಗೆ ಕೊಟ್ಟ ಸಣ್ಣ ಪರಿಹಾರವನ್ನೂ ಕಿತ್ತುಕೊಳ್ಳಬೇಕಾಗುತ್ತಿತ್ತು.

ಗಿಲ್ಡ್‌ಹಾಲ್ ಭಾಷಣ ಈ ಹಿನ್ನೆಲೆಯಲ್ಲಿ ಬಂದದ್ದು. ತನ್ನ ಮೇಲಿದ್ದ ನಾಲ್ಕು ದೂರುಗಳನ್ನು ಬರ್ಕ್ ಒಂದೊಂದಾಗಿ ಎತ್ತಿಕೊಂಡ: ಕ್ಷೇತ್ರಕ್ಕೆ ಹೆಚ್ಚಾಗಿ ಬರಲಿಲ್ಲ, ಐರ್ಲೆಂಡಿನ ವ್ಯಾಪಾರಕ್ಕೆ ನೆರವಾದ, ಸಾಲಗಾರರನ್ನು ಸೆರೆಯಲ್ಲಿಡುವ ಕಾನೂನನ್ನು ಸುಧಾರಿಸುವ ಮಸೂದೆಯನ್ನು ಬೆಂಬಲಿಸಿದ, ಕ್ಯಾಥೊಲಿಕರ ಪರ ನಿಂತ. ಪ್ರತಿಯೊಂದಕ್ಕೂ ತಾನು ಏನು ಮಾಡಿದೆ, ಯಾಕೆ ಮಾಡಿದೆ ಎಂದು ವಿವರವಾಗಿ ಹೇಳಿದ. ಮತ ಗಳಿಸಲೆಂದು ಒಂದು ನಿಲುವನ್ನೂ ಹಿಂತೆಗೆದುಕೊಳ್ಳಲಿಲ್ಲ. ಕೆಲವೇ ದಿನಗಳಲ್ಲಿ ಗೆಲ್ಲುವ ದಾರಿಯಿಲ್ಲವೆಂದು ತಿಳಿದು ಕಣದಿಂದ ಹಿಂದೆ ಸರಿದ. ಈ ಸೋಲನ್ನು ಆತನ ಸಿದ್ಧಾಂತದ ಸೋಲು ಎಂದು ಕೆಲವರು ಓದುತ್ತಾರೆ. ನನಗೆ ಅದು ಸಿದ್ಧಾಂತಕ್ಕೆ ಸಿಕ್ಕ ಪೂರ್ಣತೆಯಾಗಿ ಕಾಣುತ್ತದೆ. ಪ್ರತಿನಿಧಿ ತನ್ನ ವಿವೇಚನೆಯನ್ನು ಉಳಿಸಿಕೊಂಡ, ಮತದಾರರು ತಮ್ಮ ತೀರ್ಪಿನ ಹಕ್ಕನ್ನು ಉಳಿಸಿಕೊಂಡರು; ಇಬ್ಬರ ನಡುವೆ ಬಹಿರಂಗವಾದ ಲೆಕ್ಕ ಒಪ್ಪಿಸುವಿಕೆ ನಡೆಯಿತು. ಜನರ ಮಾತು ಮೀರುವ ಸ್ವಾತಂತ್ರ್ಯ ನ್ಯಾಯವಾಗುವುದು ಅದಕ್ಕೆ ಬೆಲೆ ತೆರಲು ಸಿದ್ಧನಿದ್ದಾಗ ಮಾತ್ರ.

ಈ ಅಳತೆಗೋಲನ್ನು ಬರ್ಕ್‌ನಿಗೂ ಹಿಡಿಯಬೇಕು. ಬ್ರಿಸ್ಟಲ್ ಕೈತಪ್ಪಿದ ಮೇಲೆ ಆತ ಹೋದದ್ದು ಮಾಲ್ಟನ್‌ಗೆ; ಅದು ಆತನ ಆಶ್ರಯದಾತ ರಾಕಿಂಗ್‌ಹ್ಯಾಮ್ ಮನೆತನದ ಹಿಡಿತದಲ್ಲಿದ್ದ ಪುಟ್ಟ ಕ್ಷೇತ್ರ. 1794ರವರೆಗೆ ಅಲ್ಲಿಂದಲೇ ಆರಿಸಿಬಂದ. ಉತ್ತರ ಕೇಳುವ ಮತದಾರರೇ ಅಲ್ಲಿ ಇರಲಿಲ್ಲವೆನ್ನಬಹುದು. ಮತದಾನದ ಹಕ್ಕನ್ನು ವಿಸ್ತರಿಸುವುದಕ್ಕೂ ಆತ ವಿರೋಧಿಯಾಗಿದ್ದ. ಬ್ರಿಸ್ಟಲ್ ಗುಲಾಮರ ವ್ಯಾಪಾರದಿಂದ ಸಂಪತ್ತು ಗಳಿಸಿದ ನಗರ. ಆ ವ್ಯಾಪಾರವನ್ನು ನಿಯಂತ್ರಿಸಿ ಕ್ರಮೇಣ ಕೊನೆಗಾಣಿಸುವ ಕರಡನ್ನು 1780ರ ಸುಮಾರಿಗೆ ಬರೆದಿದ್ದರೂ ಅದನ್ನು ಮಂತ್ರಿ ಹೆನ್ರಿ ಡಂಡಾಸ್‌ಗೆ ಕಳುಹಿಸಿದ್ದು 1792ರಲ್ಲಿ. ವಿವೇಕ ಇತ್ತು, ಹೊರಗೆ ಬರಲಿಲ್ಲ. ಇದಕ್ಕೆ ಎದುರಾಗಿ ಒಂದು ಬಲವಾದ ಆಕ್ಷೇಪ ಇದೆ. ಮಾಲ್ಟನ್‌ನ ನಿಶ್ಚಿಂತೆ ಇದ್ದದ್ದರಿಂದಲೇ ಬರ್ಕ್ ಈಸ್ಟ್ ಇಂಡಿಯಾ ಕಂಪನಿಯ ದಬ್ಬಾಳಿಕೆಯ ವಿರುದ್ಧ ವರ್ಷಗಟ್ಟಲೆ ಹೋರಾಡಬಲ್ಲವನಾದ ಎನ್ನಬಹುದು. ಆರ್ಕಾಟಿನ ನವಾಬನ ಸಾಲಗಳನ್ನು ಕುರಿತು 1785ರಲ್ಲಿ ಆತ ಮಾಡಿದ ಭಾಷಣದಲ್ಲಿ ಮೈಸೂರಿನ ಹೈದರ್ ಅಲಿ ಕರ್ನಾಟಿಕ್ ಪ್ರಾಂತ್ಯದ ಮೇಲೆ ಎರಗಿದ ವರ್ಣನೆ ಇದೆ. ಆ ವಿನಾಶಕ್ಕೆ ಮೂಲ ಕಂಪನಿಯ ದುರಾಸೆ ಎಂದು ತೋರಿಸುವುದು ಅದರ ಗುರಿ. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಮೇಲಿನ ಮಹಾಭಿಯೋಗವೂ ಆತನ ಪ್ರಯತ್ನವೇ. ಬಂಗಾಳದ ರೈತನಿಗೆ ಬ್ರಿಟನ್ನಿನಲ್ಲಿ ಮತವಿರಲಿಲ್ಲ. ಮತವಿಲ್ಲದವರ ಪರವಾಗಿ ನಿಲ್ಲಲು ಪ್ರತಿನಿಧಿಯ ಸ್ವಂತ ವಿವೇಕವೇ ಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಮಾಲ್ಟನ್‌ನಂಥ ಕ್ಷೇತ್ರಗಳಿಂದ ಬಂದವರೆಲ್ಲ ಬರ್ಕ್ ಆಗಲಿಲ್ಲ. ಒಬ್ಬ ವ್ಯಕ್ತಿಯ ಸಜ್ಜನಿಕೆಯನ್ನು ನಂಬಿ ವ್ಯವಸ್ಥೆಯನ್ನು ಕಟ್ಟಲಾಗದು.

ಇನ್ನೊಂದು ಆಕ್ಷೇಪ ತತ್ತ್ವಜ್ಞಾನಿ ರೂಸೋನ ಕಡೆಯಿಂದ ಬರುತ್ತದೆ. ಇಂಗ್ಲಿಷರು ಚುನಾವಣೆಯ ಹೊತ್ತಿನಲ್ಲಷ್ಟೇ ಸ್ವತಂತ್ರರು, ಉಳಿದಂತೆ ಗುಲಾಮರು ಎಂಬುದು 1762ರಲ್ಲಿ ಆತನ ಟೀಕೆ. ಐದು ವರ್ಷಕ್ಕೊಮ್ಮೆ ಕಾರಣ ಹೇಳಿದರೆ ಸಾಕೇ, ಅದು ಬರಿಯ ಸಮಜಾಯಿಷಿಯಲ್ಲವೇ ಎಂದು ಇಂದಿನ ಓದುಗರೂ ಕೇಳಬಹುದು. ಕಾರಣವನ್ನು ಮೊದಲೇ ಹೇಳಿದಾಗ ಅದು ಸಮಜಾಯಿಷಿಯಾಗುವುದಿಲ್ಲ. 1981ರ ಮಾರ್ಚಿನಲ್ಲಿ, ಫ್ರಾನ್ಸಿನ ಅಧ್ಯಕ್ಷ ಚುನಾವಣೆಗೆ ವಾರಗಳಷ್ಟೇ ಉಳಿದಿರುವಾಗ, ಫ್ರಾಂಸ್ವಾ ಮಿತ್ತೆರಾಂ ದೂರದರ್ಶನದಲ್ಲಿ ಮರಣದಂಡನೆಗೆ ತಾನು ವಿರೋಧಿ ಎಂದು ಸ್ಪಷ್ಟವಾಗಿ ಹೇಳಿದ. ಬಹುಮತ ಮರಣದಂಡನೆಯ ಪರವಾಗಿತ್ತು, ಅದು ಆತನಿಗೂ ಗೊತ್ತಿತ್ತು. ಜನ ಅದನ್ನು ತಿಳಿದೇ ಆತನನ್ನು ಆರಿಸಿದರು. ಅಕ್ಟೋಬರಿನಲ್ಲಿ ನ್ಯಾಯಮಂತ್ರಿ ರಾಬರ್ಟ್ ಬದಂತೇರ್ ತಂದ ಕಾನೂನು ಆ ಶಿಕ್ಷೆಯನ್ನು ಅಳಿಸಿತು. ನಮ್ಮಲ್ಲೂ ಹೀಗೇ ಆಯಿತು. ಹಿಂದೂ ಕೋಡ್ ಮಸೂದೆ ಮುಂದೆ ಸಾಗದೆ ಅಂಬೇಡ್ಕರ್ ಅವರು 1951ರಲ್ಲಿ ರಾಜೀನಾಮೆ ಕೊಟ್ಟ ಮೇಲೆ ನೆಹರೂ ಅವರು ಆ ವಿಷಯವನ್ನು ಮೊದಲ ಸಾರ್ವತ್ರಿಕ ಚುನಾವಣೆಯ ಪ್ರಚಾರಕ್ಕೆ ಒಯ್ದರು. 1955–56ರಲ್ಲಿ ಅದರ ಭಾಗಗಳು ಕಾಯ್ದೆಗಳಾದವು. ಇದಕ್ಕೆ ವಿರುದ್ಧವಾದ ಉದಾಹರಣೆ 2003ರ ಇರಾಕ್ ಯುದ್ಧ. ಲಂಡನ್ನಿನ ಬೃಹತ್ ಮೆರವಣಿಗೆಗಳನ್ನು ಬದಿಗೊತ್ತಿ ಬ್ರಿಟನ್ನಿನ ಪ್ರಧಾನಿ ಟೋನಿ ಬ್ಲೇರ್ ತನ್ನ ನಂಬಿಕೆಯಂತೆ ನಡೆದ. ಆದರೆ ಅಪಾಯದ ಬಗೆಗಿನ ತೀರ್ಮಾನಗಳನ್ನು ಸಲ್ಲದ ಖಚಿತತೆಯಿಂದ ಮಂಡಿಸಲಾಗಿತ್ತು ಎಂದು ಆ ಯುದ್ಧವನ್ನು ಕುರಿತ 2016ರ ಚಿಲ್ಕಾಟ್ ತನಿಖಾ ವರದಿ ಹೇಳಿತು. ಅಲ್ಲಿ ಕೆಟ್ಟದ್ದು ಜನಾಭಿಪ್ರಾಯವನ್ನು ಮೀರಿದ್ದಲ್ಲ, ಜನರ ಮುಂದಿಟ್ಟ ಲೆಕ್ಕವೇ ಸರಿಯಿರಲಿಲ್ಲ.

ಇಂದಿನ ಭಾರತದಲ್ಲಿ ಈ ಚರ್ಚೆಗೆ ಮೂರನೆಯ ಯಜಮಾನನೊಬ್ಬ ಸೇರಿದ್ದಾನೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ 10ನೇ ಅನುಸೂಚಿಯ ಪ್ರಕಾರ ಪಕ್ಷದ ವಿಪ್ ಮೀರಿ ಮತ ಹಾಕಿದ ಶಾಸಕ ಸ್ಥಾನವನ್ನೇ ಕಳೆದುಕೊಳ್ಳಬಹುದು. ಹೀಗಾಗಿ ಆತ ಕ್ಷೇತ್ರದ ಜನರ ಮಾತಿಗೂ ಉತ್ತರದಾಯಿಯಲ್ಲ, ತನ್ನ ಮನಸ್ಸಾಕ್ಷಿಗೂ ಅಲ್ಲ. ಪಕ್ಷದ ನಾಯಕರ ತೀರ್ಮಾನವೇ ಅಂತಿಮ. ಈ ನಿಯಮ ಇಲ್ಲದಿದ್ದರೆ ಶಾಸಕರ ಖರೀದಿ ನಿಲ್ಲದು ಎಂಬ ಆಕ್ಷೇಪ ಪೊಳ್ಳಲ್ಲ. 2019ರ ಜುಲೈನಲ್ಲಿ ಕರ್ನಾಟಕದ ಸಮ್ಮಿಶ್ರ ಸರ್ಕಾರ ಉರುಳಿದಾಗ 17 ಶಾಸಕರು ಅನರ್ಹರಾದರು. ಅಂದಿನ ಬಿಕ್ಕಟ್ಟಿನ ಕೇಂದ್ರದಲ್ಲಿದ್ದದ್ದು ಯಾವ ಮಸೂದೆಯೂ ಅಲ್ಲ, ಸರ್ಕಾರದ ಅಳಿವು ಉಳಿವು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅವಕಾಶ ಕೊಟ್ಟಿತು, ಡಿಸೆಂಬರಿನಲ್ಲಿ 15 ಕ್ಷೇತ್ರಗಳ ಮತದಾರರು ತೀರ್ಪು ಕೊಟ್ಟರು. ಆ ತೀರ್ಪು ಯಾರಿಗೆ ಒಪ್ಪಿಗೆಯಾಗಲಿ ಬಿಡಲಿ, ಪಕ್ಷ ತೊರೆದವನು ಜನರ ಮುಂದೆ ಮರಳಿ ನಿಲ್ಲಬೇಕಾದದ್ದು ಸರಿ. ಸರ್ಕಾರದ ಉಳಿವಿನ ಮೇಲಿನ ಮತಕ್ಕೆ ವಿಪ್ ಇರಲಿ. ವಿಪ್ ಮೀರಿದ್ದಕ್ಕೆ ಅನರ್ಹತೆ ಅಷ್ಟಕ್ಕೇ ಸೀಮಿತವಾಗಬೇಕು ಎಂದು 1990ರಲ್ಲೇ ಚುನಾವಣಾ ಸುಧಾರಣೆಯ ದಿನೇಶ್ ಗೋಸ್ವಾಮಿ ಸಮಿತಿ ಶಿಫಾರಸು ಮಾಡಿತ್ತು. ನೀರಾವರಿಗೋ ಶಿಕ್ಷಣಕ್ಕೋ ಸಂಬಂಧಿಸಿದ ಮಸೂದೆಗೂ ಅದೇ ಸರಪಳಿ ಯಾಕೆ?

ಪ್ರತಿನಿಧಿಗೆ ಬಿಡುಗಡೆ ಬೇಕೆನ್ನುವ ನಾವು ಅದರ ಜೊತೆಗೇ ಇನ್ನೊಂದನ್ನೂ ಕೇಳಬೇಕು. ನಮ್ಮ ಶಾಸನಸಭೆಗಳಲ್ಲಿ ಬಹುಪಾಲು ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ; ಯಾವ ಶಾಸಕ ಯಾವ ಕಡೆ ನಿಂತ ಎಂಬ ದಾಖಲೆಯೇ ಉಳಿಯುವುದಿಲ್ಲ. ಬರ್ಕ್ ಗಿಲ್ಡ್‌ಹಾಲ್‌ನಲ್ಲಿ ನಾಲ್ಕು ದೂರುಗಳಿಗೆ ಉತ್ತರಿಸಬೇಕಾಗಿ ಬಂದದ್ದು ಆತ ಎಲ್ಲಿ ನಿಂತನೆಂದು ಜನರಿಗೆ ತಿಳಿದಿದ್ದರಿಂದ. ಇಂದು ಕ್ಷೇತ್ರದ ಜನರಿಗೆ ತಮ್ಮ ಶಾಸಕ ಉದ್ಘಾಟಿಸಿದ ರಸ್ತೆ ಗೊತ್ತು, ಆತ ಬೆಂಬಲಿಸಿದ ಕಾನೂನು ಗೊತ್ತಿಲ್ಲ. ಮುಖ್ಯ ಮಸೂದೆಗಳ ಮೇಲೆ ಪ್ರತಿ ಸದಸ್ಯನ ಮತ ಹೆಸರುಸಹಿತ ದಾಖಲಾಗಲಿ, ಜನಾಭಿಪ್ರಾಯವನ್ನು ಮೀರಿದವನು ಮುಂದಿನ ಚುನಾವಣೆಗೆ ಕಾಯದೆ ಕ್ಷೇತ್ರಕ್ಕೆ ಬಂದು ಕಾರಣ ಹೇಳಲಿ. ಅಷ್ಟನ್ನು ಮಾಡುವ ಪ್ರತಿನಿಧಿಗೆ ಜನರ ಮಾತನ್ನು ಮೀರುವ ಹಕ್ಕಿದೆ, ಆತನನ್ನು ಸೋಲಿಸುವ ಹಕ್ಕು ಜನರಿಗಿದೆ. ಈ ಎರಡು ಹಕ್ಕುಗಳಲ್ಲಿ ಒಂದನ್ನು ಕಿತ್ತರೆ ಇನ್ನೊಂದೂ ನಿಲ್ಲದು.