ಸೂಜಿ ಯಾರ ಕೈಯಲ್ಲಿ?

ಸಾಮರ್ಸೆಟ್ ಮಾಮನ ‘ರೇನ್’ (೧೯೨೧) ಮಿಷನರಿಯೊಬ್ಬನ ಪತನದ ಕಥೆಯೆಂದೇ ಪ್ರಸಿದ್ಧ. ನಾವು ಅದರಲ್ಲಿ ಹೆಚ್ಚು ಮೆಚ್ಚಿದುದು ಡಾಕ್ಟರ್ ಮ್ಯಾಕ್‌ಫೇಲ್ ದಂಪತಿಗಳ ಚಿತ್ರವನ್ನು. ಮುಂದಿನ ಪ್ರಯಾಣದ ನೌಕೆಯಲ್ಲಿ ದಡಾರ ಕಾಣಿಸಿಕೊಂಡುದರಿಂದ ಅವರು ಸಮೋವಾದ ಪಾಗೋಪಾಗೋದಲ್ಲಿ, ತಗಡಿನ ಮಾಡಿನ ಮನೆಯೊಂದರಲ್ಲಿ, ಬಿಡದ ಮಳೆಗೆ ಸಿಕ್ಕಿ ತಂಗಬೇಕಾಗುತ್ತದೆ. ಸೊಳ್ಳೆಪರದೆ ಹರಿದಿದೆ. ದ್ವೀಪಗಳ ವಾಸವನ್ನು ಬಲ್ಲ ಮಿಷನರಿಯ ಪತ್ನಿ ಅದನ್ನು ತಾನೇ ಹೊಲಿದುಕೊಡಲು ಮುಂದಾಗುತ್ತಾಳೆ. ಸಾಮಾನು ನೆನೆಯದಂತೆ ನೋಡಿಕೊಳ್ಳಲು ಡಾಕ್ಟರನನ್ನು ಬಂದರಕ್ಕೆ ಅಟ್ಟುತ್ತಾಳೆ. ಉಪಕಾರವೇ, ಸಂದೇಹವಿಲ್ಲ. ಆದರೆ ಆ ಸೂಜಿಯೊಂದಿಗೆ ಪರರ ಸಂಸಾರದ ಯಜಮಾನಿಕೆಯೂ ಅವಳ ಕೈ ಸೇರುತ್ತದೆ. ಕೆಳಗಿನ ಕೋಣೆಯ ಸ್ಯಾಡಿ ಥಾಂಪ್ಸನ್ನಳನ್ನು ಮಿಷನರಿ ಪೀಡಿಸತೊಡಗಿದಾಗ ಡಾಕ್ಟರನ ಪ್ರತಿಭಟನೆ ಅಷ್ಟು ದುರ್ಬಲವಾಗುವುದಕ್ಕೆ ಬೀಜ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಚೀರಿಬಿಡಬೇಕೆನ್ನಿಸುವಷ್ಟು ಅವನು ಮಳೆಗೆ ಬೇಸತ್ತುದನ್ನು ಮಾಮನು ಮರೆಯಲಾಗದಂತೆ ಬರೆದಿದ್ದಾನೆ. ಅದೇ ಮಾಡಿನಡಿಯಲ್ಲಿದ್ದ ಅವನ ಹೆಂಡತಿಗೆ ಆ ಸದ್ದು ಹೇಗೆ ಕೇಳಿಸಿತೆಂಬುದನ್ನು ಮಾತ್ರ ಬರೆಯಲಿಲ್ಲ.